ತೂಕದಣ್ಣನ ಎಡಗೈ

ತೂಕದಣ್ಣನ ಅಂಗಡಿಗೆ ಯಾರೇ ಬರಲಿ, ಮೊದಲು ಅವರ ಕ್ಯಾಮೆರಾ ಲೆನ್ಸ್ ತಕ್ಕಡಿ ಹತ್ತಬೇಕಿತ್ತು. ಆಮೇಲೆ ಮಾತು. ತೂಕ ಡಬ್ಬದ ಮೇಲೇ ಅಚ್ಚಾಗಿದೆಯಲ್ಲ ಎಂದು ಯಾರಾದರೂ ಅಂದರೆ, "ಮದುವೆ ಗಂಡಿನ ಸಂಬಳಾನೂ ಹೀಗೇ ಬರ್ದು ಕಳಿಸ್ತಾರೆ. ವಿಚಾರಿಸ್ದೆ ಮಗಳನ್ನ ಕೊಡ್ತೀರಾ?" ಎಂದು ಕೇಳಿ, ತಕ್ಕಡಿಯ ಮುಳ್ಳಿನ ಮೇಲೇ ಕಣ್ಣು ನೆಟ್ಟು ನಿಲ್ಲುತ್ತಿದ್ದ. ಹೆತ್ತವರು ಇಟ್ಟ ಹೆಸರು ಕರೆಂಟ್ ಬಿಲ್ಲಿನಲ್ಲಿ ಮಾತ್ರ ಉಳಿದಿತ್ತು. ಮಿಕ್ಕವರಿಗೆಲ್ಲ ಅವನು ತೂಕದಣ್ಣ.

ಕೆಳಗೆ ದರ್ಜಿ ಅಂಗಡಿ, ಪಕ್ಕದಲ್ಲಿ ಕಡಿದಾದ ಹದಿನೇಳು ಮೆಟ್ಟಿಲು, ಹತ್ತಿದರೆ ಉದ್ದನೆಯ ಒಂದು ಕೋಣೆ. ಗೋಡೆಗೆ ಒರಗಿಸಿದ ಟ್ರೈಪಾಡುಗಳು, ಗಾಜಿನ ಕಪಾಟಿನಲ್ಲಿ ಅವುಗಳ ಹೆಡ್‌ಗಳು. ಹೆಡ್ ಎಂದರೆ ಮೂರು ಕಾಲುಗಳ ಮೇಲೆ ಕೂತು ಕ್ಯಾಮೆರಾವನ್ನು ಹಿಡಿದು ತಿರುಗಿಸುವ ಭಾಗ. ಜನ ಲೆನ್ಸ್ ಕೊಳ್ಳುವಾಗ ಹಿಂದೆ ಮುಂದೆ ನೋಡುವುದಿಲ್ಲ, ಹೆಡ್ ಎಂದರೆ ಮಾತ್ರ ಚೌಕಾಸಿಗೆ ಇಳಿಯುತ್ತಾರೆ. "ಆನೆ ಕೊಂಡವರು ಅಂಕುಶಕ್ಕೆ ಜಗಳ ತೆಗೀತಾರೆ," ಎಂದು ತೂಕದಣ್ಣ ಗೊಣಗುತ್ತಿದ್ದ. ಹಿಂದಿನ ಕೋಣೆಯಲ್ಲಿ ಕ್ಯಾಮೆರಾ ಚೀಲಗಳಿಗೆ ಜಿಪ್ ಹೊಲಿಯುತ್ತ ಕೂತ ಅವನ ಅಕ್ಕ ಅಲ್ಲಿಂದಲೇ ಕೂಗುತ್ತಿದ್ದಳು: "ಇವನು ತನ್ನ ಮದುವೆ ಮಾತಿಗೂ ತಕ್ಕಡಿ ತಗೊಂಡೇ ಹೋಗಿದ್ದ ಕಣ್ರೀ. ಅದಕ್ಕೇ ನೋಡಿ, ಇಬ್ಬರೂ ಇಲ್ಲೇ ಕೂತಿದ್ದೀವಿ!" ತಮ್ಮನಿಗೆ ಮದುವೆಯಾಗಲಿಲ್ಲ, ಅಕ್ಕನ ಗಂಡ ಬೇಗ ತೀರಿಕೊಂಡ. ಇಪ್ಪತ್ತೆರಡು ವರ್ಷದಿಂದ ಆ ಎರಡು ಕೋಣೆಗಳಲ್ಲಿ ಅವರಿಬ್ಬರದೇ ಸಂಸಾರ, ಅವರಿಬ್ಬರದೇ ಜಗಳ.

ಹೆಡ್ ಕೊಟ್ಟು ಸುಮ್ಮನೆ ಕಳಿಸುವವರ ಪೈಕಿ ಅವನಲ್ಲ. ಪಾಠ ಒಪ್ಪಿಸಿಯೇ ಹೋಗಬೇಕು. "ತಿರುಪು ಸಡಿಲ ಮಾಡೋ ಮುಂಚೆ ಎಡಗೈ ಲೆನ್ಸ್ ಕೆಳಗಿರ್ಬೇಕು. ಜಾರಿದ್ರೆ ಹಿಡ್ಕೋಬೇಕು. ಏನೇ ಆದ್ರೂ ಲೆನ್ಸ್ ಬಿಡಬಾರದು. ಎಲ್ಲಿ, ಇನ್ನೊಂದ್ಸಲ ಹೇಳಿ?" ಬಂದವರು ನಗುತ್ತ ಒಪ್ಪಿಸುತ್ತಿದ್ದರು. ಒಪ್ಪಿಸಿದ ಮೇಲೂ ಅವನು ಬಿಡುತ್ತಿರಲಿಲ್ಲ. ಮಾತಿನ ನಡುವೆ ಥಟ್ಟನೆ ತಿರುಪು ಸಡಿಲಿಸಿ ಲೆನ್ಸ್ ಮುಗ್ಗರಿಸುವಂತೆ ಮಾಡುತ್ತಿದ್ದ. ಗಿರಾಕಿಯ ಕೈ ಬಾಣದಂತೆ ಬಂದು ಹಿಡಿದರೆ, "ಈಗ ನಿಮ್ಮ ಕೈ ಕಲೀತು," ಎಂದು ಬೀಗುತ್ತಿದ್ದ.

ಡ್ರಾಯಿಂಗ್ ಮೇಷ್ಟ್ರ ಕೈಗೂ ಹಾಗೇ ಕಲಿಸಿದ್ದ.

ಅದಕ್ಕೆ ಎರಡು ವರ್ಷವಾಯಿತು. ಮೇಷ್ಟ್ರು ಆಗತಾನೇ ನಿವೃತ್ತರಾಗಿದ್ದರು. ಮೊಣಕಾಲು ನೋವಿನ ಮನುಷ್ಯ. ಹನ್ನೆರಡನೇ ಮೆಟ್ಟಿಲಲ್ಲಿ ನಿಂತು, ಒಮ್ಮೆ ಕೆಮ್ಮಿ, ಉಸಿರು ತಿರುಗಿಸಿಕೊಂಡು ಮೇಲೆ ಬರುತ್ತಿದ್ದರು. ಆ ಕೆಮ್ಮು ಕೇಳಿದರೆ ಅಕ್ಕ ಚಹಾಕ್ಕೆ ಇನ್ನೊಂದು ಲೋಟ ನೀರು ಸೇರಿಸುತ್ತಿದ್ದಳು. ಅವತ್ತು ಕೂಸನ್ನು ಎತ್ತಿಕೊಂಡಂತೆ ಹೊಸ ಲೆನ್ಸನ್ನು ಎತ್ತಿಕೊಂಡು ಬಂದಿದ್ದರು. ಊರಾಚೆಯ ಪಾಳುಬಿದ್ದ ಕಲ್ಲುಗಣಿಯ ಗೋಡೆಯಲ್ಲಿ ಗಿಡುಗವೊಂದು ಮರಿ ಮಾಡಿದೆ, ಗಣಿಯ ಅಂಚಿನಲ್ಲಿ ನಿಂತರೆ ಗೂಡು ನೇರ ಕೆಳಗೇ ಕಾಣುತ್ತದೆ, ಎರಡು ವಾರದಲ್ಲಿ ಮರಿಗಳು ಹಾರಿಹೋಗುತ್ತವೆ ಎಂದು ಒಂದೇ ಉಸಿರಿಗೆ ಹೇಳಿದರು.

ತಕ್ಕಡಿ ಮೂರು ಕಿಲೋ ಆರುನೂರು ತೋರಿಸಿತು. ಅಷ್ಟು ಭಾರಕ್ಕೆ ಗಿಂಬಲ್ ಹೆಡ್ ಬೇಕು. ಲೆನ್ಸ್ ಅದರ ತೋಳಿನಲ್ಲಿ ತೂಗುತ್ತದೆ, ಸಮತೂಕ ಮಾಡಿಬಿಟ್ಟರೆ ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲುತ್ತದೆ. ತೂಕದಣ್ಣ ಅದನ್ನು ತೊಟ್ಟಿಲು ಎನ್ನುತ್ತಿದ್ದ. ಅದು ಅವತ್ತು ಅಂಗಡಿಯಲ್ಲಿರಲಿಲ್ಲ, ತರಿಸಲು ಮೂರು ವಾರ ಬೇಕಿತ್ತು. ಇದ್ದದ್ದು ಒಂದು ಜೊತೆ ಬಾಲ್ ಹೆಡ್. ಬಟ್ಟಲಿನಲ್ಲಿ ಒಂದು ಗುಂಡು, ಬಟ್ಟಲನ್ನು ಬಿಗಿಮಾಡುವ ಒಂದು ತಿರುಪು, ಅಷ್ಟೇ ಅದರ ಕತೆ. ಎಂಟು ಕಿಲೋ ತಡೆಯುತ್ತದೆ ಎಂದು ಬರೆದಿತ್ತು. ಬರೆದದ್ದನ್ನು ನಂಬುವವನೇ ತೂಕದಣ್ಣ? ಒಂದು ಹೆಡ್ ನೆಟ್ಟಗೆ ನಿಲ್ಲಿಸಿ, ಅದರ ನೆತ್ತಿಯ ಮೇಲೆ ಎಂಟು ಕಿಲೋ ಕಬ್ಬಿಣ ಹೇರಿ ತೋರಿಸಿದ. ಗುಂಡು ಅಲುಗಲಿಲ್ಲ. "ಮೂರು ವಾರ ಯಾಕೆ ಕಾಯ್ತೀರ ಮೇಷ್ಟ್ರೇ? ಇದೇ ಸಾಕು," ಎಂದ.

ನೆಟ್ಟಗೆ ಹೊತ್ತ ಭಾರ ಬೇರೆ, ಬಗ್ಗಿ ಹೊತ್ತ ಭಾರ ಬೇರೆ. ಇದು ಅವನಿಗೆ ಗೊತ್ತಿಲ್ಲದ್ದಲ್ಲ. ಆದರೆ ತೂಕ ಕೇಳುವ ಚಟದಲ್ಲಿ ದಿಕ್ಕು ಕೇಳುವುದನ್ನು ಮರೆತ. ನೇರ ಕೆಳಗೆ ಎಂದು ಮೇಷ್ಟ್ರು ಹೇಳಿದ್ದು ಅವನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ. ಎಡಗೈ ಪಾಠ ಮಾತ್ರ ಮೂರು ಸಲ ಮಾಡಿಸಿದ. ಮೂರು ಸಲವೂ ಮೇಷ್ಟ್ರು ಲೆನ್ಸ್ ಹಿಡಿದರು. "ಬಿಡಲ್ಲ ಕಣಯ್ಯ, ಪ್ರಾಣ ಹೋದ್ರೂ ಬಿಡಲ್ಲ," ಎಂದು ನಕ್ಕರು. ಇವನೂ ನಕ್ಕ.

ಒಂಬತ್ತನೇ ದಿನ ಮೇಷ್ಟ್ರು ಗಣಿಯ ತಳದಲ್ಲಿ ಸಿಕ್ಕರು. ಕಾಲು ಜಾರಿ ಬಿದ್ದು ಸಾವು ಎಂದು ಪೊಲೀಸರು ಕಾಗದದಲ್ಲಿ ಬರೆದುಕೊಂಡರು. ಟ್ರೈಪಾಡ್ ಸಮೇತ ಲೆನ್ಸನ್ನು ಎದೆಗೆ ಅವುಚಿಕೊಂಡು ಬಿದ್ದಿದ್ದರಂತೆ. ಅವರ ಕೈಯಿಂದ ಅದನ್ನು ಬಿಡಿಸಲು ಇಬ್ಬರು ಬೇಕಾಯಿತಂತೆ. ಲೆನ್ಸಿನ ಗಾಜಿಗೆ ಒಂದು ಗೀರೂ ಬಿದ್ದಿರಲಿಲ್ಲ.

ತೂಕದಣ್ಣ ಮೇಷ್ಟ್ರ ಮನೆಗೆ ಹೋದ. ಎಲ್ಲರೂ ಒಳಗೆ ಅಳುತ್ತಿದ್ದರು. ಹೊರಗಿನ ಕೋಣೆಯ ಮೂಲೆಯಲ್ಲಿ ಟ್ರೈಪಾಡ್ ಒರಗಿತ್ತು, ಲೆನ್ಸ್ ಇನ್ನೂ ಅದರ ಮೇಲೇ ಇತ್ತು. ಲೆನ್ಸಿನ ಮೂಗು ಪೂರ್ತಿ ಕೆಳಕ್ಕೆ ಬಿದ್ದಿತ್ತು. ಅವನು ಸುಮ್ಮನೆ ಎರಡು ಬೆರಳಿನಿಂದ ತಿರುಪು ಮುಟ್ಟಿ ನೋಡಿದ. ಕಲ್ಲಿನ ಹಾಗೆ ಬಿಗಿಯಾಗಿತ್ತು. ಮೇಷ್ಟ್ರು ತಮ್ಮ ಕೆಲಸ ಸರಿಯಾಗೇ ಮಾಡಿದ್ದರು. ತಿರುಪು ಬಿಗಿಯಿದ್ದರೂ ಗುಂಡು ಜಾರಿತ್ತು, ಲೆನ್ಸ್ ಮುಗ್ಗರಿಸಿತ್ತು, ಟ್ರೈಪಾಡ್ ಅಂಚಿನತ್ತ ವಾಲಿತ್ತು. ಎಡಗೈ ಕಲಿತದ್ದನ್ನೇ ಮಾಡಿತ್ತು. ಆ ಮನೆಯಲ್ಲಿ ಅಷ್ಟು ಜನರಿದ್ದರು, ಆ ತಿರುಪನ್ನು ಓದಲು ಬರುತ್ತಿದ್ದವನು ಇವನೊಬ್ಬನೇ. ಓದಿದ, ಬಾಯಿಗೆ ಬೀಗ ಹಾಕಿಕೊಂಡು ಹೊರಟುಬಂದ.

ಅಂದಿನಿಂದ ಅವನಿಗೆ ನೆಮ್ಮದಿಯೆಂಬುದಿಲ್ಲ. ಜೊತೆಯಲ್ಲಿ ಬಂದಿದ್ದ ಇನ್ನೊಂದು ಬಾಲ್ ಹೆಡ್ ಅಂಗಡಿಯಲ್ಲೇ ಉಳಿದಿತ್ತು. ಅದನ್ನು ಗೋಡೆಯ ಪಕ್ಕದ ಟ್ರೈಪಾಡಿಗೆ ಕೂರಿಸಿ, ಅದರ ಮೇಲೆ ಮೂರು ಕಿಲೋ ಆರುನೂರರ ಕಬ್ಬಿಣದ ಕೊಳವೆಯೊಂದನ್ನು ಮುಂದಕ್ಕೆ ಬಾಗಿಸಿ ಕಟ್ಟಿ, ತಿರುಪು ಬಿಗಿದು, ಕೊಳವೆ ನೋಡುವ ಜಾಗಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದ ಗುರುತು ಹಾಕಿದ. ಮಧ್ಯಾಹ್ನಕ್ಕೆ ಕೊಳವೆ ಗುರುತಿಗಿಂತ ಕೆಳಗಿತ್ತು. ಸಂಜೆಗೆ ಇನ್ನೂ ಕೆಳಗೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮಾರುವ ಮೊದಲು ಮಾಡಬೇಕಾದ ಪರೀಕ್ಷೆಯನ್ನು ಅವನು ಈಗ ದಿನಾ ಮಾಡತೊಡಗಿದ. ಬೆಳಗ್ಗೆ ಎಲ್ಲಿಗೇ ತಿರುಗಿಸಿಟ್ಟರೂ, ಅಂಗಡಿ ಮುಚ್ಚುವ ಹೊತ್ತಿಗೆ ಕೊಳವೆಯ ಮೂತಿ ನೋಡುತ್ತಿದ್ದುದು ಒಂದೇ ಕಡೆ: ಕೌಂಟರಿನ ಮುಂದೆ, ಗಿರಾಕಿ ನಿಲ್ಲುವ ನೆಲದ ಹಲಗೆಯತ್ತ. ಮೇಷ್ಟ್ರು ನಿಂತು ನಕ್ಕ ಜಾಗ. ಟ್ರೈಪಾಡ್ ನಿಂತ ಕಡೆ ನೆಲವೇ ಸ್ವಲ್ಪ ಇಳಿಜಾರು, ಅದಕ್ಕೇ ಹೀಗೆ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಆ ಹಲಗೆ ತುಳಿಯುವುದನ್ನು ಬಿಟ್ಟ, ಸುತ್ತಿಕೊಂಡು ಓಡಾಡತೊಡಗಿದ.

ಎಡಗೈಯದು ಇನ್ನೊಂದು ರೋಗ. ಅಕ್ಕನ ಕೈಯಿಂದ ಚಮಚ ಬಿದ್ದರೂ ಅವನ ಎಡಗೈ ಚಿಮ್ಮಿ ಹೋಗುತ್ತಿತ್ತು. ಹೋಗಿದ್ದೇ ಬೆಂಕಿ ತಾಗಿದಂತೆ ಹಿಂದಕ್ಕೆ ಬರುತ್ತಿತ್ತು. ಇನ್ನು ಮೆಟ್ಟಿಲ ಕಡೆಯಿಂದ ಕೆಮ್ಮು ಕೇಳುತ್ತಿತ್ತು. ದರ್ಜಿಯ ಗಿರಾಕಿ ಕೆಮ್ಮಿದರೂ ಸಾಕು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ ಇವನು ಎದ್ದು ನಿಲ್ಲುತ್ತಿದ್ದ. "ಆ ಹಾಳು ಹೆಡ್ಡನ್ನ ಗುಜರಿಗೆ ಹಾಕೋ," ಎಂದು ಅಕ್ಕ ಬೈದಳು. ಅವನು ಕೇಳಲಿಲ್ಲ. ಎಡಗೈ ಪಾಠ ನಿಲ್ಲಿಸಿದ. ತೊಟ್ಟಿಲು ಹೆಡ್ ಒಂದನ್ನು ತರಿಸಿ ಕಪಾಟಿನಲ್ಲಿಟ್ಟ. ಎಷ್ಟು ಜನ ಕೇಳಿದರೂ ಅದನ್ನು ಮಾರಲಿಲ್ಲ. ಯಾರಿಗಾಗಿ ಇಟ್ಟಿದ್ದೀಯ ಎಂದು ಅಕ್ಕ ಕೇಳಿದರೆ ಕಪಾಟಿನ ಬೀಗ ಎಳೆದು ನೋಡುತ್ತಿದ್ದ.

ಉತ್ತರ ಒಂದು ಸೋಮವಾರ ಮಧ್ಯಾಹ್ನ ಮೆಟ್ಟಿಲು ಹತ್ತಿ ಬಂತು. ಹನ್ನೆರಡನೇ ಮೆಟ್ಟಿಲಲ್ಲಿ ಹೆಜ್ಜೆ ನಿಂತಿತು. ಒಂದು ಸಣ್ಣ ಕೆಮ್ಮು. ಒಳಕೋಣೆಯಲ್ಲಿ ಅಕ್ಕನ ಹೊಲಿಗೆ ಮಿಷನ್ ಕೂಡ ನಿಂತಿತು.

ಬಾಗಿಲಲ್ಲಿ ಕಂಡದ್ದು ಇಪ್ಪತ್ತಾರರ ಒಬ್ಬ ಹುಡುಗಿ, ಎದೆಗೆ ಅವುಚಿಕೊಂಡ ದೊಡ್ಡ ಲೆನ್ಸ್. "ಎಷ್ಟು ಮೆಟ್ಲು ಅಣ್ಣ ನಿಮ್ದು! ನಾನು ಡ್ರಾಯಿಂಗ್ ಮೇಷ್ಟ್ರ ಮಗಳು," ಎಂದಳು. ಬಂದವಳು ನೇರ ಹೋಗಿ ಆ ಹಲಗೆಯ ಮೇಲೇ ನಿಂತಳು.

ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಗಿಡುಗ ಈ ವರ್ಷ ಮತ್ತೆ ಅದೇ ಗೋಡೆಯಲ್ಲಿ ಮರಿ ಮಾಡಿದೆ, ಅಪ್ಪ ಅರ್ಧಕ್ಕೆ ಬಿಟ್ಟ ಫೋಟೋ ತಾನು ತೆಗೆಯಬೇಕು, ಅದಕ್ಕೊಂದು ಹೆಡ್ ಬೇಕು ಎಂದಳು. ತೂಕದಣ್ಣ ಲೆನ್ಸನ್ನು ತಕ್ಕಡಿಗೆ ಇಟ್ಟ. ಮೂರು ಕಿಲೋ ಆರುನೂರು.

"ಯಾವ ಕಡೆ ತಿರುಗಿಸ್ತೀಯಮ್ಮ?" ಎಂದು ಈ ಸಲ ಕೇಳಿದ.

"ಕೆಳಕ್ಕೆ. ಗಣಿ ಅಂಚಲ್ಲಿ ನಿಂತು, ನೇರ ಕೆಳಕ್ಕೆ."

"ಅಂಚಿಗೇ ಹೋಗ್ಬೇಕಾ? ಬೇರೆ ಎಲ್ಲಿಂದಾದ್ರೂ..."

"ಬೇರೆ ಎಲ್ಲಿಂದಾನೂ ಗೂಡು ಕಾಣಲ್ಲ ಅಣ್ಣ. ನೀವು ಕೊಡದಿದ್ರೆ ಬೇರೆ ಅಂಗಡೀಲಿ ತಗೋತೀನಿ. ಹೋಗೋದಂತೂ ಹೋಗ್ತೀನಿ."

ಅಪ್ಪನ ಹಟವೇ. ತೂಕದಣ್ಣ ಕಪಾಟಿನ ಬೀಗ ತೆಗೆದು ತೊಟ್ಟಿಲು ಹೆಡ್ಡನ್ನು ಹೊರತಂದ. ದಪ್ಪ ಕಾಲಿನ ಟ್ರೈಪಾಡಿಗೆ ಅದನ್ನು ಕೂರಿಸಿ, ಲೆನ್ಸಿನ ಅಡಿಯ ಪಟ್ಟಿಯನ್ನು ಹೆಡ್ಡಿನ ತೋಳಿಗೆ ಸಿಕ್ಕಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಜರುಗಿಸಿ ಸಮತೂಕ ಮಾಡಿದ. ಎಲ್ಲ ತಿರುಪುಗಳನ್ನೂ ಸಡಿಲ ಬಿಟ್ಟು ಕೈ ತೆಗೆದ. ಹುಡುಗಿ ಒಂದು ಬೆರಳಿನಿಂದ ಲೆನ್ಸನ್ನು ಕೆಳಕ್ಕೆ ಒತ್ತಿದಳು. ಬೆರಳು ತೆಗೆದ ಜಾಗದಲ್ಲೇ ಅದು ನಿಂತಿತು. ಅವಳ ಮುಖ ಅರಳಿತು. "ಅಪ್ಪನ ಹತ್ರ ಇದು ಇರ್ಲಿಲ್ಲ," ಎಂದಳು.

ಹೆಡ್ ಸರಿಹೋಯಿತು, ಆದರೆ ಅವಳ ಕೈ? ಒಳಗಿನಿಂದ ಹಾಸಿಗೆ ತಂದು ನೆಲಕ್ಕೆ ಹಾಸಿದ. ಅಕ್ಕ ಕೇಳಿದ್ದಕ್ಕೆ ಸುಮ್ಮನಿರು ಎಂದು ಸನ್ನೆ ಮಾಡಿದ. ಬಾಲ್ ಹೆಡ್ಡಿನ ಮೇಲಿದ್ದ ಕಬ್ಬಿಣದ ಕೊಳವೆಯನ್ನು ಬಿಚ್ಚಿ ತಂದು ಮೇಜಿನ ಅಂಚಿನಲ್ಲಿಟ್ಟು, ಹುಡುಗಿಯೊಡನೆ ಅದೂ ಇದೂ ಮಾತಾಡುತ್ತ, ಥಟ್ಟನೆ ತಳ್ಳಿದ. ಅವಳ ಎಡಗೈ ಚಿಮ್ಮಿ ಬಂದು ಹಿಡಿಯಿತು. ಅದೇ ಕೈ, ಬೆರಳು ಅಗಲಿಸುವ ಅದೇ ರೀತಿ. ತೂಕದಣ್ಣ ಕಣ್ಣು ಮುಚ್ಚಿಕೊಂಡ.

"ಲ್ಯಾಬಲ್ಲಿ ಗಾಜು ಬಿದ್ರೆ ಏನ್ ಮಾಡ್ತೀಯ?"

"ಮುಟ್ಟಲ್ಲ. ಎರಡೂ ಕೈ ಎದೆಗೆ, ಒಂದು ಹೆಜ್ಜೆ ಹಿಂದಕ್ಕೆ. ನಮಗೆ ಮೊದಲ್ನೇ ದಿನ ಹೇಳ್ಕೊಡೋದೇ ಅದು."

"ಮತ್ತೆ ಇದನ್ಯಾಕೆ ಹಿಡಿದೆ?"

"ಲೆನ್ಸ್ ಬೇರೆ ಅಲ್ವಾ ಅಣ್ಣ? ಏನೇ ಆದ್ರೂ ಬಿಡಬಾರದು ಅಂತ ಅಪ್ಪ ಮನೇಲಿ ನನಗೂ ಪಾಠ ಮಾಡ್ಸಿದ್ರು. ಅವರಿಗೆ ನೀವೇ ಹೇಳ್ಕೊಟ್ಟಿದ್ದಂತೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ತೂಕದಣ್ಣನ ಮಾತು ಹೋಗಿರಲಿಲ್ಲ. ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿ, ಎರಡನೇ ಜೀವಕ್ಕೆ ಹೊಂಚು ಹಾಕಿ ಕೂತಿತ್ತು. ಅವನಿಗೆ ಭಯವಾಯಿತು, ನಾಚಿಕೆಯೂ ಆಯಿತು. "ಇದನ್ನೂ ಗಾಜು ಅಂದ್ಕೋ. ನೀನು ಬಿಡೋದು ಕಲಿಯೋವರೆಗೂ ಹೆಡ್ ಕೊಡಲ್ಲ," ಎಂದ.

ಕೊಳವೆ ಬಿತ್ತು, ಹಿಡಿದಳು. ಮತ್ತೆ ಬಿತ್ತು, ಮತ್ತೆ ಹಿಡಿದಳು. ಒಮ್ಮೆ ಮಾತಿನ ನಡುವೆ, ಒಮ್ಮೆ ಚಹಾ ಕುಡಿಯುವಾಗ, ಒಮ್ಮೆ ಬೆನ್ನ ಹಿಂದೆ. ಅಕ್ಕ ಬಾಗಿಲಿಗೆ ಬಂದು, "ಹುಚ್ಚು ಬಿಟ್ರೆ ಮದುವೆ, ಮದುವೆಯಾದ್ರೆ ಹುಚ್ಚು ಬಿಡುತ್ತೆ ಅಂತಾರೆ. ನಿಂಗೆ ಎರಡೂ ಆಗ್ಲಿಲ್ಲ ನೋಡು," ಎಂದು ತಮ್ಮನನ್ನು ಕೆಣಕಿ ಹೋದಳು. ಹುಡುಗಿ ಬಿದ್ದು ಬಿದ್ದು ನಕ್ಕಳು. ನಗುವಾಗಲೇ ಅವನು ಕೊಳವೆ ತಳ್ಳಿದ. ಅವಳ ಕೈಗಳು ಎದೆಗೆ ಹೋದವು, ಕಾಲು ಹಿಂದಕ್ಕೆ ಹೋಯಿತು, ಕೊಳವೆ ಧೊಪ್ಪನೆ ಹಾಸಿಗೆಗೆ ಬಿತ್ತು. ಇನ್ನೂ ಐದು ಸಲ ತಳ್ಳಿದ. ಐದು ಸಲವೂ ಅವಳು ಬಿಟ್ಟಳು.

ಹಾಸಿಗೆ ಮಡಚಿಡುವಾಗ ಹುಡುಗಿ ಕೇಳಿದಳು. "ಅಪ್ಪನ ಹೆಡ್ಡನ್ನ ಅಮ್ಮ ಆಗ್ಲೇ ಬಿಚ್ಚಿಸಿ ಎಸೆದುಬಿಟ್ಲು. ಅದು ಯಾವ ಹೆಡ್ ಅಣ್ಣ?"

ಗೋಡೆಯ ಪಕ್ಕದ ಟ್ರೈಪಾಡಿನ ಮೇಲಿದ್ದ ಬಾಲ್ ಹೆಡ್ಡನ್ನು ಅವನು ತೋರಿಸಿದ. ತೋರಿಸಿ ಸುಮ್ಮನಾಗಬಹುದಿತ್ತು. ಆದರೆ ಎರಡು ವರ್ಷ ಆ ಹೆಡ್ ಅವನನ್ನು ಸಾಕಷ್ಟು ನೋಡಿತ್ತು. ಅವಳ ಲೆನ್ಸನ್ನು ತಂದು ಅದಕ್ಕೆ ಕೂರಿಸಿದ, ಮುಂದಕ್ಕೆ ಬಗ್ಗಿಸಿದ, ಬಲವೆಲ್ಲ ಹಾಕಿ ತಿರುಪು ಬಿಗಿದ. "ಮುಟ್ಟಿ ನೋಡು. ಬಿಗಿ ಇದ್ಯಾ?"

"ಇದೆ."

"ನಿಮ್ಮಪ್ಪಂದೂ ಹೀಗೇ ಬಿಗಿ ಇತ್ತಮ್ಮ. ನಾನು ಅವತ್ತೇ ಮುಟ್ಟಿ ನೋಡ್ದೆ. ಅವರ ಕಾಲು ಜಾರ್ಲಿಲ್ಲ, ಇದು ಜಾರ್ತು. ಇದು ಸಾಕು ಅಂದವನು ನಾನು. ಲೆನ್ಸ್ ಬಿಡಬೇಡಿ ಅಂದವನೂ ನಾನೇ. ಗೊತ್ತಿದ್ದೂ ಎರಡು ವರ್ಷ ಬಾಯಿ ಬಿಡ್ಲಿಲ್ಲ."

ಹುಡುಗಿ ತಿರುಪಿನಿಂದ ಕೈ ತೆಗೆದಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಅವನು ಕಾದ. ಹೊಡೆದಿದ್ದರೆ ಒಳ್ಳೆಯದಿತ್ತು. ಅವಳು ತೀರ ಸಣ್ಣ ದನಿಯಲ್ಲಿ ಹೇಳಿದಳು. "ಲೆನ್ಸಿನ ಮೂಗು ಕೆಳಕ್ಕೆ ಬಿದ್ದಿದ್ದು ನೋಡಿ, ತಿರುಪು ಬಿಗಿ ಮಾಡೋಕೆ ಅಪ್ಪ ಮರೆತ್ರು ಅಂತ ಅಮ್ಮ ಅಂದ್ಕೊಂಡಿದ್ದಾಳೆ. ಕನ್ನಡಕ ಮರೀತಿದ್ರು, ಬೀಗದ ಕೈ ಮರೀತಿದ್ರು, ಇದನ್ನೂ ಮರೆತು ಸತ್ರು ಅಂತ. ಎರಡು ವರ್ಷದಿಂದ ಅವರ ಫೋಟೋ ಮುಂದೆ ನಿಂತ್ಕೊಂಡು ಬೈತಾಳೆ. ಮರೆಗುಳಿ, ಮರೆಗುಳಿ ಅಂತ ಬೈದು ಆಮೇಲೆ ಅಳ್ತಾಳೆ. ನೀವು ಒಂದು ಮಾತು ಹೇಳ್ಬಹುದಿತ್ತು."

ಅವನಿಗೆ ಅವಳ ಮುಖ ನೋಡಲಾಗಲಿಲ್ಲ. ಇಬ್ಬರೂ ಲೆನ್ಸಿನ ಕಡೆಗೆ ನೋಡಲಿಲ್ಲ. ಮೂರು ಕಿಲೋ ಆರುನೂರು ತನ್ನ ಪಾಡಿಗೆ ಕೂದಲೆಳೆ, ಇನ್ನೊಂದು ಕೂದಲೆಳೆ ಕೆಳಗಿಳಿಯುತ್ತಿತ್ತು. ಬಟ್ಟಲಿನೊಳಗೆ ಕರ್ರೆಂದು ಸಣ್ಣ ಸದ್ದಾಯಿತು. ಮರುಕ್ಷಣ ಲೆನ್ಸ್ ಮುಗ್ಗರಿಸಿತು, ಇಳಿಜಾರು ನೆಲದಲ್ಲಿ ಟ್ರೈಪಾಡ್ ಒಂದು ಕಾಲೆತ್ತಿ ವಾಲಿತು.

ಹುಡುಗಿಯ ಕೈಗಳು ಎದೆಗೆ ಹೋದವು. ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

ತೂಕದಣ್ಣನ ಎಡಗೈ ಚಿಮ್ಮಿ ಹೋಯಿತು. ಈ ಸಲ ಅದು ಹಿಂದಕ್ಕೆ ಬರಲಿಲ್ಲ. ಕೈಯ ಹಿಂದೆ ಮೈಯೆಲ್ಲ ಹೋಯಿತು. ಟ್ರೈಪಾಡ್ ಸಮೇತ ಲೆನ್ಸನ್ನು ಅವುಚಿಕೊಂಡು ಅವನು ಆ ಹಲಗೆಯ ಮೇಲೆ ಬೋರಲು ಬಿದ್ದ.

ನೆಲ ಗಟ್ಟಿಯಾಗಿತ್ತು, ಹತ್ತಿರದಲ್ಲೇ ಇತ್ತು. ಮೊಣಕೈ ತರಚಿತು, ಅಷ್ಟೇ. ಆದರೆ ಅವನು ಏಳಲಿಲ್ಲ. ಮೇಷ್ಟ್ರು ಬೀಳುವಾಗ ಏನು ಕಂಡಿರಬಹುದು ಎಂದು ಎರಡು ವರ್ಷ ಯೋಚಿಸಿದ್ದ. ಏನೂ ಕಾಣಲಿಲ್ಲವೆಂದು ಈಗ ಗೊತ್ತಾಯಿತು. ಹಿಡಿದೆ ಎಂಬ ಒಂದು ಸಮಾಧಾನ ಮಾತ್ರ ಇತ್ತು. ಅದೇ ಎಲ್ಲಕ್ಕಿಂತ ಭಯಂಕರವಾಗಿತ್ತು.

"ಬಿಡಿ ಅಣ್ಣ," ಎಂದು ಹುಡುಗಿ ಪಕ್ಕದಲ್ಲಿ ಕೂತು ಹೇಳಿದಳು.

ಅವನು ಬಿಡಬೇಕೆಂದೇ ಇದ್ದ. ಬೆರಳು ಕೇಳಲಿಲ್ಲ. ಅವಳು ಎಳೆದಳು, ಆಗಲಿಲ್ಲ. ಸದ್ದಿಗೆ ಓಡಿಬಂದ ಅಕ್ಕ ಬಾಗಿಲಲ್ಲೇ ಒಂದು ಕ್ಷಣ ನಿಂತಳು, ಯಾವ ತಮಾಷೆಯನ್ನೂ ಮಾಡಲಿಲ್ಲ. ನೆಲಕ್ಕೆ ಕೂತು ತಮ್ಮನ ಮಣಿಕಟ್ಟು ಹಿಡಿದುಕೊಂಡಳು. ಹುಡುಗಿ ಒಂದೊಂದೇ ಬೆರಳು ಬಿಡಿಸಿದಳು. ಇಬ್ಬರು ಬೇಕಾಯಿತು. ಲೆನ್ಸಿನ ಗಾಜಿಗೆ ಈ ಸಲವೂ ಗೀರು ಬೀಳಲಿಲ್ಲ. ಅವನ ತಲೆಯನ್ನು ಅಕ್ಕ ಮಡಿಲಿಗೆ ಎಳೆದುಕೊಂಡಳು, ಐವತ್ತೈದರ ಗಂಡಸು ಗೊಳೋ ಎಂದು ಅತ್ತ.

ಹುಡುಗಿ ಅವನನ್ನು ಸಮಾಧಾನ ಮಾಡಲಿಲ್ಲ, ಕ್ಷಮಿಸಿದೆ ಎಂದೂ ಅನ್ನಲಿಲ್ಲ. ಲೆನ್ಸನ್ನು ಒರೆಸಿ ಚೀಲಕ್ಕೆ ಹಾಕಿ, ತೊಟ್ಟಿಲು ಹೆಡ್ಡನ್ನು ಕಂಕುಳಿಗೆ ಸೇರಿಸಿ, "ನಡೀರಿ," ಎಂದಳು. "ಅಮ್ಮಂಗೆ ನೀವೇ ಹೇಳ್ಬೇಕು. ಇವತ್ತೇ."

ಮೇಷ್ಟ್ರ ಮನೆಯ ಹೊರಗಿನ ಕೋಣೆ ಹಾಗೇ ಇತ್ತು. ಗೋಡೆಯ ಫೋಟೋದಲ್ಲಿ ಮೇಷ್ಟ್ರು ನಗುತ್ತಿದ್ದರು. ಅವರ ಹೆಂಡತಿ ಅದರ ಕೆಳಗಿನ ಕುರ್ಚಿಯಲ್ಲಿ ಕೂತು ಅವನು ಹೇಳಿದ್ದನ್ನೆಲ್ಲ ಕೇಳಿದರು. ಹೆಡ್ಡಿನ ತಪ್ಪು, ಅವನ ತಪ್ಪು, ಬಚ್ಚಿಟ್ಟ ಮಾತು, ಯಾವುದಕ್ಕೂ ಅವರು ತಲೆ ಎತ್ತಲಿಲ್ಲ. ಎಲ್ಲ ಮುಗಿದ ಮೇಲೆ ಒಂದನ್ನೇ ಕೇಳಿದರು.

"ತಿರುಪು ಬಿಗಿ ಮಾಡಿದ್ರಾ?"

"ಮಾಡಿದ್ರು ಅಮ್ಮಾ. ಗಟ್ಟಿಯಾಗಿ ಮಾಡಿದ್ರು."

"ಮರೆತಿರ್ಲಿಲ್ವಾ?"

"ಮರೆತಿರ್ಲಿಲ್ಲ."

ಅವರು ಎದ್ದು ಫೋಟೋದ ಹತ್ತಿರ ಹೋದರು. ಸೆರಗಿನ ತುದಿಯಿಂದ ಗಾಜನ್ನು ಒರೆಸತೊಡಗಿದರು. ಒರೆಸುತ್ತಲೇ, ತಿರುಗದೆ, ಮತ್ತೆ ಅದನ್ನೇ ಕೇಳಿದರು. ತೂಕದಣ್ಣ ಮತ್ತೆ ಅದನ್ನೇ ಹೇಳಿದ.